ಗೋದಾಬಾಯಿಯವರು ವಾಲ್ವು ಬದಲಿಸಿದ ದಿನ

ಚೆನ್ನೈಯಲ್ಲಿ ಕೃತಕ ಕಾಲುಗಳ ತಯಾರಿಕೆಯನ್ನು ಬಲ್ಲವರಿಗೆ ಶ್ರೀಮತಿ ಗೋದಾಬಾಯಿ ಮುರಳೀಧರ ಅವರನ್ನು ಪರಿಚಯಿಸಬೇಕಾಗಿಲ್ಲ. ಅಂಬತ್ತೂರಿನ ನಮ್ಮ ಸೇವಾಸಂಸ್ಥೆಯ ಕಾರ್ಯಾಗಾರಕ್ಕೆ ಡಿಪ್ಲೊಮಾ ಮುಗಿಸಿದ ತರುಣಿಯಾಗಿ ಬಂದು, ಈಗ ಅದರ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿರುವ ಅವರು, ಯಂತ್ರಗಳನ್ನೂ ಮನುಷ್ಯರನ್ನೂ ಒಂದೇ ಸಹನೆಯಿಂದ ನೋಡಿಕೊಂಡವರು.

ಅಳತೆ ಕೊಡಲು ಬಂದ ಹೆಂಗಸರು ಗಂಡಸರ ಎದುರು ನಾಚಿ ಹಿಂದಿರುಗುವುದನ್ನು ಕಂಡು, ಕೆಲಸಕ್ಕೆ ಸೇರಿದ ಹೊಸತರಲ್ಲೇ ಮೇಲಿನವರೊಡನೆ ವಾದಿಸಿ ಅವರಿಗಾಗಿ ಬೇರೆ ಕೊಠಡಿ ಮಾಡಿಸಿದರು. ಮಹಾಮಳೆಗೆ ಊರೆಲ್ಲ ನೀರು ತುಂಬಿದ 2015ರ ಡಿಸೆಂಬರಿನಲ್ಲಿ, ಕೃತಕ ಕಾಲು ನೀರುಪಾಲಾದವರ ಮನೆಗಳಿಗೆ ತಾವೇ ಹೋಗಿ ಅಳತೆ ತೆಗೆದುಕೊಂಡು ಬಂದರು. ಆದರೂ ಅವರ ಹೆಸರೆತ್ತಿದರೆ ಕಾರ್ಯಾಗಾರದವರಿಗೆ ಮೊದಲು ನೆನಪಾಗುವುದು ಹೋದ ವರ್ಷದ ಒಂದು ದಿನ.

ತ್ರಿಪ್ಲಿಕೇನಿನಲ್ಲಿ ರೊಟ್ಟಿಯ ಮೆಸ್ ನಡೆಸುವ, ರಾಯಚೂರು ಕಡೆಯ ಕರಿಯಮ್ಮನವರು ಅಂದು ಹೊಸ ಕಾಲಿಗಾಗಿ ಬೆಳಿಗ್ಗೆಯೇ ಬಂದು ಕುಳಿತಿದ್ದರು. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡ ಮೇಲೆ ಮೆಸ್ಸಿಗೆ ಬೀಗ ಬಿದ್ದಿತ್ತು. ಮರುದಿನ ತೆರೆಯುವುದೆಂದು ಗಿರಾಕಿಗಳಿಗೆಲ್ಲ ಹೇಳಿಯಾಗಿತ್ತು. ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಕೂರಿಸುವ ಯಂತ್ರ ಗಾಳಿಯ ಒತ್ತಡದಿಂದ ನಡೆಯುವಂಥದು. ಆ ಹೊತ್ತಿಗೇ ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರ್ ಟ್ಯಾಂಕಿನ ಅಡಿಯಲ್ಲಿ, ಒಳಗೆ ನಿಂತ ನೀರನ್ನು ಹೊರಬಿಡುವ ಡ್ರೈನ್ ವಾಲ್ವಿನ ಹಿಡಿ ಮುರಿದು, ಗಾಳಿ ಸೀಟಿ ಹಾಕುತ್ತ ಸೋರತೊಡಗಿತು.

ತಂತ್ರಜ್ಞ ರಜತ್ ಸ್ಪ್ಯಾನರ್ ಹಿಡಿದು ಬಗ್ಗಿದರು. "ಮೇಡಂ, ಹೀಗೇ ಟೈಟ್ ಮಾಡಿಬಿಡ್ತೀನಿ. ಗಾಳಿ ಪೂರಾ ಬಿಟ್ರೆ ರೊಂಬ ಲೇಟ್ ಆಗತ್ತೆ."

"ಬೇಡಪ್ಪಾ. ಒಳಗೆ ಪ್ರೆಶರ್ ಇರೋವಾಗ ಕೈ ಹಾಕಬೇಡ. ಅದು ಕಿತ್ಕೊಂಡು ಮುಖಕ್ಕೆ ಬಡಿದ್ರೆ? ಮೊದಲು ಸ್ವಿಚ್ ಆಫ್ ಮಾಡು."

ಗಾಳಿಯೆಲ್ಲ ಭುಸುಗುಟ್ಟುತ್ತ ಹೊರಹೋಗುವುದನ್ನು ಕೇಳಿ ಕರಿಯಮ್ಮನವರು ಕಂಗಾಲಾದರು. "ಯವ್ವಾ, ಕಾಲು ಇವತ್ತ ಆಗೂದಿಲ್ಲೇನು? ನಾಳೆ ಮಂದಿ ಬಂದು ಬಾಗಲಾ ಬಡೀತಾರ."

ಆಗುತ್ತದೆ ಎನ್ನಲು ಗೋದಾಬಾಯಿಯವರಿಗೆ ಧೈರ್ಯ ಸಾಲದು, ಆಗುವುದಿಲ್ಲ ಎನ್ನಲು ಮನಸ್ಸು ಬಾರದು. "ನೋಡೇ ಬಿಡೋಣ ಕರಿಯಮ್ಮ. ಅಲ್ಲೀವರೆಗೂ ಸಕ್ಕರೆ ಇಲ್ಲದ ಕಾಫಿ ಕುಡೀರಿ" ಎಂದರು.

ಒತ್ತಡದ ಮುಳ್ಳು ಸೊನ್ನೆಗಿಳಿದ ಮೇಲೆ, ಸೆರಗು ಬಿಗಿದು ನೆಲದ ಮೇಲೆ ಒರಗಿ ವಾಲ್ವನ್ನು ತಿರುಗಿಸಿದರು. ತುಕ್ಕು ತಿಂದಿದ್ದ ಅದು ಪಟ್ಟನೆ ತುಂಡಾಗಿ, ಅರ್ಧ ಭಾಗ ಟ್ಯಾಂಕಿನ ತೂತಿನಲ್ಲೇ ಉಳಿಯಿತು. ಬಲವಂತ ಮಾಡಿದರೆ ಟ್ಯಾಂಕೇ ಕೆಡುವ ಭಯ. ಎಣ್ಣೆ ಬಿಟ್ಟು ಕಾದರು. ಮುರಿದ ತುಂಡು ಕೀಳುವ ಸಾಧನವನ್ನು ಒಳಗೆ ಕಚ್ಚಿಸಿ ಎಡಕ್ಕೆ ತಿರುಗಿಸಿದರು, ಜಾರಿತು. ಇನ್ನಷ್ಟು ಎಣ್ಣೆ ಬಿಟ್ಟು, ಉಸಿರು ಬಿಗಿಹಿಡಿದು ಮತ್ತೆ ತಿರುಗಿಸಿದಾಗ ಕಿರ್ರೆಂದು ಕದಲಿ ಈಚೆ ಬಂತು; ಹಿಂದೆಯೇ ತುಕ್ಕಿನ ನೀರು ಅವರ ತೋಳ ಮೇಲೆಲ್ಲ ಸುರಿಯಿತು. "ಬಂತು, ಬಂತು!" ಎಂದು ಗಂಭೀರ ಸ್ವಭಾವದ ಮುಖ್ಯಸ್ಥೆ ಕೂಗಿದ್ದನ್ನು ಕಾರ್ಯಾಗಾರ ಅಂದೇ ಮೊದಲು ಕೇಳಿದ್ದು.

ಅಷ್ಟರಲ್ಲಿ ರಜತ್ ಪಕ್ಕದ ಕೈಗಾರಿಕಾ ಎಸ್ಟೇಟಿನ ಅಂಗಡಿಯಿಂದ ಹಿತ್ತಾಳೆಯ ಹೊಸ ವಾಲ್ವು ತಂದಿದ್ದರು. ಟೇಪು ಸುತ್ತಿ ಅದನ್ನು ಬಿಗಿದು, ಗಾಳಿ ತುಂಬಿಸಿ, ಸುತ್ತಲೂ ಸಾಬೂನು ನೀರು ಸವರಿ ಕಾದರು.

"ಒಂದು ಗುಳ್ಳೆನೂ ಇಲ್ಲ ಮೇಡಂ. ಸೂಪರ್!"

ಸಂಜೆಗೆ ಕಾಲು ಸಿದ್ಧವಾಯಿತು. ಕರಿಯಮ್ಮನವರು ನಡಿಗೆ ಅಭ್ಯಾಸದ ಜೋಡಿ ಕಂಬಿಗಳ ನಡುವೆ ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು, ಒಂದು ಕೈ ಬಿಟ್ಟರು, ಆಮೇಲೆ ಇನ್ನೊಂದನ್ನೂ. ಅಲ್ಲಿಯೇ ನಿಂತು ಎರಡೂ ಅಂಗೈ ಸೇರಿಸಿ ರೊಟ್ಟಿ ಬಡಿಯುವ ಹಾಗೆ ಬಡಿದು ತೋರಿಸಿದಾಗ ಎಲ್ಲರೂ ನಕ್ಕರು; ಗೋದಾಬಾಯಿಯವರು ನಗುತ್ತಲೇ ಕಣ್ಣೊರೆಸಿಕೊಂಡರು.

ಮರುದಿನ ಮೆಸ್ಸಿಗೆ ಒಂದು ಎತ್ತರದ ಸ್ಟೂಲು ಹೊತ್ತುಕೊಂಡು ಹೋದರು. "ನಿಂತೇ ಇರಬೇಡಿ, ನಡುನಡುವೆ ಕೂತ್ಕೊಳ್ಳಿ."

"ಕುಂದರ್ತೀನಿ. ಮೊದಲ ನೀವು ಕುಂತು ಉಣ್ಣರಿ" ಎಂದು ಕರಿಯಮ್ಮನವರು ತಟ್ಟೆ ಮುಂದಿಟ್ಟರು.

ಶುಕ್ರವಾರ ಗೋದಾಬಾಯಿಯವರ ಬೀಳ್ಕೊಡುಗೆ. ಅದಾದ ಮೇಲಿನ ಸೋಮವಾರ ತಾವೇ ಬಂದು ಅಳತೆ ತೆಗೆಯುವುದಾಗಿ ಬಸ್ ಚಾಲಕರೊಬ್ಬರಿಗೆ ಅವರು ಈಗಾಗಲೇ ಮಾತು ಕೊಟ್ಟಿದ್ದಾರೆಂದು ತಿಳಿದುಬಂದಿದೆ. ಬೇಡವೆನ್ನುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ, ಇಷ್ಟವೂ ಇಲ್ಲ. ಅವರು ಬಹುಕಾಲ ಆರೋಗ್ಯದಿಂದ ಬಾಳಲಿ. ಅವರನ್ನು ನಂಬಿ ಬಂದವರು ತಾವಾಗಿ ನಡೆದು ಮನೆಗೆ ಹೋಗುತ್ತಿರಲಿ.