ಗೋದಾಬಾಯಿಯ ಅಟ್ಟದ ದಂಡು

ಬೆಳಕು ಹರಿಯುವುದರೊಳಗೆ ಗೋದಾಬಾಯಿ ಅಣ್ಣನ ಕೂಸಿನ ಬಟ್ಟೆ ಒಗೆದು ಹಾಕಬೇಕಿತ್ತು. ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದಬೇಕಿತ್ತು. ಬಚ್ಚಲ ಒಲೆ ಹೊತ್ತಿಸಿ, ತಾನು ಮಾತ್ರ ತಣ್ಣೀರಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಮಡಿನೀರು ತರಬೇಕಿತ್ತು. ದೇವರ ಪಾತ್ರೆ ಬೆಳಗಿ ಬೇಳೆ ಬೇಯಲು ಇಡಬೇಕಿತ್ತು. ಆಮೇಲೆ ಬಚ್ಚಲ ಒಲೆಯ ಕೆಂಡದಲ್ಲಿ ಹೆಬ್ಬೆರಳುದ್ದದ ನಾಲ್ಕು ಮಣ್ಣಿನ ಸಿಪಾಯಿಗಳನ್ನು ಸುಡಲೆಂದು ಹುಗಿಯುತ್ತಿದ್ದಳು. ಈ ಒಂದು ಕೆಲಸವನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ದೀಪಾವಳಿಗೆ ಧಾರವಾಡದ ಹುಡುಗರು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ, ಸಿಪಾಯಿಗಳನ್ನು ನಿಲ್ಲಿಸಿ, ಹಬ್ಬ ಮುಗಿದ ಮೇಲೆ ಕೆಡವುತ್ತಿದ್ದರು. ಗೋದಾಬಾಯಿ ಹದಿನೈದಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ಅಣ್ಣ ಯಜ್ಞೇಶ್ವರನ ಮನೆಗೆ ಬಂದಳು. ಆ ವರ್ಷವೇ ಅಟ್ಟದ ಮೇಲೆ ಹಲಗೆ ಹಾಸಿ, ಯಾರೂ ಕೆಡವದಂಥ ಕೋಟೆಯೊಂದನ್ನು ಕಟ್ಟಿಕೊಂಡಳು. ಎಸೆದ ಕವಡೆಗಳಲ್ಲಿ ಎಷ್ಟು ಅಂಗಾತ ಬಿದ್ದವೋ ದಂಡು ಅಷ್ಟು ಗೇಣು ನಡೆಯಬೇಕು, ಕುದುರೆಗೆ ಅದರ ಎರಡರಷ್ಟು, ಸತ್ತವರು ಮೊರದಲ್ಲಿ ಮಲಗಬೇಕು. ನಿಯಮಗಳೆಲ್ಲ ಅವಳವೇ. ಮಧ್ಯಾಹ್ನ ಎಂಜಲು ಬಳಿದು, ಮನೆಯವರೆಲ್ಲ ಅಡ್ಡಾದ ಮೇಲೆ ಸಿಗುವ ಒಂದು ತಾಸಿನಲ್ಲಿ ಎರಡೂ ಕಡೆ ತಾನೇ ಆಡುತ್ತಿದ್ದಳು.

ಅಣ್ಣನ ಹಿರಿಯ ಮಗ ಬಿಂದುಮಾಧವ ಆರು ವರ್ಷದವನಾದಾಗ ಅಟ್ಟ ಹತ್ತಿ ಎದುರು ಕೂತ. ಅಲ್ಲಿಂದ ಹದಿಮೂರು ವರ್ಷ ಇಬ್ಬರೂ ಕಾದಾಡಿದರು.

"ಅತ್ಯಾ, ನಿನ್ನ ಸೇನಾಪತಿ ಮುದುಕ ಆದ. ಪಿಂಚಣಿ ಕೊಟ್ಟು ಕಳಸು."

"ನಿನ್ನ ಕುದುರಿ ನೋಡ್ಕೋ ಮೊದಲ. ಮೂರ ಕಾಲಿನ ಮ್ಯಾಲೆ ನಿಂತದ, ಯುದ್ಧಕ್ಕ ಬಂದದಂತ!"

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ, ಮಹಾಯುದ್ಧದ ನಡುವೆ, ಬಿಂದು ಸೈನ್ಯದಲ್ಲಿ ಕಾರಕೂನನಾಗಿ ಸೇರಿದ. ಹೋಗುವಾಗ ಆಟವೊಂದು ಅರ್ಧಕ್ಕೆ ನಿಂತಿತ್ತು. ಯಾವ ದಂಡು ಯಾವ ಕಡೆಗೆ ನಡೆಯಬೇಕೆಂದು ಅವನು ಮನೆಗೆ ಹಾಕುವ ಕಾಗದದ ಕೆಳಗಿನ ಮೂಲೆಯಲ್ಲಿ ಬರೆಯುವುದು, ಅವನ ಪರವಾಗಿ ಅತ್ತೆ ಕವಡೆ ಎಸೆಯುವುದು ಎಂದು ಇಬ್ಬರೂ ಮಾತಾಡಿಕೊಂಡರು.

ಮೊದಲ ಕಾಗದದಲ್ಲೇ ಕೆಳಗಿನ ಮೂಲೆ ಇರಲಿಲ್ಲ. ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು.

"ಏನು ಹುಚ್ಚುಚ್ಚರ ಬರದಾನೋ! ಸರಕಾರದವರು ಕತ್ತರಿ ಹಾಕ್ಯಾರ," ಎಂದು ಯಜ್ಞೇಶ್ವರ ಹೆದರಿದ.

ಗೋದಾಬಾಯಿಗೆ ಗೊತ್ತಾಯಿತು. ಐವತ್ತು ಕುದುರೆ ಹೊಳೆ ದಾಟಿ ಬಡಗಣ ಬಾಗಿಲಿಗೆ ಎಂದು ಬರೆದರೆ ಯಾವ ಅಧಿಕಾರಿ ಬಿಟ್ಟಾನು? ಅಣ್ಣ ಅಟ್ಟವನ್ನೇ ಖಾಲಿ ಮಾಡಿಸಿಯಾನೆಂದು ಸುಮ್ಮನಿದ್ದಳು. ಕೆಲವು ಕಾಗದ ಇಡಿಯಾಗಿ ಬಂದವು, ಕೆಲವಕ್ಕೆ ಮೂಲೆ ಇರಲಿಲ್ಲ. ಆಟ ಕುಂಟುತ್ತ ನಡೆಯಿತು.

ನಲವತ್ತನಾಲ್ಕರ ಬೇಸಿಗೆಯಲ್ಲಿ ಬರ್ಮಾ ಗಡಿಯಿಂದ ತಾರು ಬಂತು. ಬಿಂದು ಸತ್ತಿದ್ದ. ಹತ್ತೊಂಬತ್ತು ದಿನದ ಮೇಲೆ, ಸಾಯುವ ಮುಂಚೆ ಅವನು ಬರೆದಿದ್ದ ಕಾಗದ ಬಂತು. "ಅವ್ವಾ, ಮೈ ಕಡೆ ನೋಡಿಕೋ" ಎಂಬುದು ಕೊನೆಯ ಸಾಲು. ಅದರ ಕೆಳಗೆ ಮೂಲೆ ಇರಲಿಲ್ಲ.

ತಾಯಿ ಕಾಶೀಬಾಯಿ ಆ ಕಾಗದವನ್ನು ಕೈಬಿಡಲಿಲ್ಲ. ಮಾರನೆಯ ದಿನ ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತಳು.

"ಗೋದಾ, ಇಲ್ಲಿ ನನಗ ಏನೋ ಬರದಿದ್ದ. ಅವ್ವಾ ಅಂದು ಸುರು ಮಾಡ್ಯಾನ ನೋಡು. ಅವಗ ಅಕ್ಷರ ಕಲಿಸಿದಾಕಿ ನೀನು. ಅವ ಏನು ಬರದಿದ್ದಾನು, ಹೇಳವಾ."

"ಹೇಳತೇನಿ ವೈನಿ. ಸ್ವಲ್ಪ ತಡೀರಿ."

"ನಿನಗ ಗೊತ್ತದ. ನಿನ್ನ ಮಾರಿ ಹೇಳತದ."

ಮಧ್ಯಾಹ್ನ ಗೋದಾಬಾಯಿ ಅಟ್ಟ ಹತ್ತಿದಳು. ಕಾಗದದ ಆ ಮೂಲೆಯಲ್ಲಿ ಇದ್ದದ್ದು ಆಟದ ನಡೆ, ತನಗೆ ಬರೆದದ್ದು. ಇಷ್ಟು ವರ್ಷ ಈ ಮನೆಯಲ್ಲಿ ಅವಳದೇ ಎನ್ನುವಂಥದ್ದು ಬೇರೆ ಏನೂ ಇರಲಿಲ್ಲ. ನಿಜ ಹೇಳಿದರೆ ಅದು ಅವಳಿಗೆ ಉಳಿಯುತ್ತದೆ, ಕಾಶೀಬಾಯಿಗೆ ಏನೂ ಉಳಿಯುವುದಿಲ್ಲ.

ಸುಳ್ಳು ಹೇಳುವುದಾದರೂ ಏನೆಂದು? ಅವ್ವನ ಕೈಯ ಊಟ ನೆನಪಾಯಿತೆಂದೇ? ಉಣಿಸಿದವಳು ತಾನು. ಎಣ್ಣೆ ಹಚ್ಚಿ ಎರೆದವಳು, ಜ್ವರದಲ್ಲಿ ಮಗ್ಗುಲಲ್ಲಿ ಕೂತವಳು ತಾನು. ಕಾಶೀಬಾಯಿಯ ಪ್ರಾಯವೆಲ್ಲ ಎಂಟು ಬಾಣಂತನಗಳಲ್ಲಿ ಹೋಗಿತ್ತು. ಬಹಳ ಹೊತ್ತು ಹುಡುಕಿದ ಮೇಲೆ ಒಂದು ಕೌದಿ ನೆನಪಿಗೆ ಬಂತು. ಬಾಣಂತಿಕೋಣೆಯಲ್ಲಿ ಕೂತು, ಹಳೆಯ ಸೀರೆಗಳಿಂದ ಕಾಶೀಬಾಯಿ ಮಗನಿಗೆಂದು ಹೊಲಿದದ್ದು.

ಇಲ್ಲಿ ಗುಡ್ಡದಾಗ ರಾತ್ರಿ ಚಳಿ ಭಾಳ, ಅವ್ವಾ, ನಿನ್ನ ಕೌದಿ ಇದ್ದಿದ್ದರ ಛಲೋ ಇತ್ತು. ಗೋದಾಬಾಯಿ ಅದನ್ನು ಬಾಯಲ್ಲೇ ಎರಡು ಸಲ ಹೇಳಿ ನೋಡಿದಳು. ಬಿಂದುವಿನ ಮಾತಿನಂತೆಯೇ ಕೇಳಿತು. ಹಲಗೆಯ ಮೇಲೆ ಅವನ ಸರದಿ ಹಾಗೇ ಬಾಕಿ ಇತ್ತು. ಎರಡೂ ಕಡೆಯ ಸಿಪಾಯಿಗಳನ್ನು ಬಾಚಿ ಒಂದೇ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿದಳು.