ಬ್ರಿಟಿಷ್ ಎಂದರೆ ನಂಬಲಿಲ್ಲ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಇರಾಕಿ ಸೈನಿಕರು ಸಾಲ್ಮಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲು ಬಡಿದರು. ಕುವೈತಿಗೆ ನುಗ್ಗಿದ ಮೇಲೆ ಅವರು ಬ್ರಿಟಿಷರನ್ನೂ ಅಮೆರಿಕನ್ನರನ್ನೂ ಹುಡುಕಿ ಹಿಡಿದೊಯ್ಯುತ್ತಿದ್ದಾರೆ; ನಮ್ಮಂಥ ಭಾರತೀಯರ ತಂಟೆಗೆ ಬರುವುದಿಲ್ಲ. ನಮ್ಮಲ್ಲಿ ಒಬ್ಬ ಬ್ರಿಟಿಷ್ ಇದ್ದಾನೆಂದು ಯಾರೋ ಹೇಳಿದ್ದರಂತೆ. ಹೇಳಿದ್ದು ಸುಳ್ಳಲ್ಲ. ನನ್ನ ಜೊತೆಗಿರುವ ಇಂಜಿನಿಯರ್ ಸುಧಾಕರ ಉಡುಪಿಯಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೆ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಪ್ರಜೆಯೇ ಆದವನು.

"ಇಂಗ್ಲೆಂಡಿನವನು ಎಲ್ಲಿ?" ಸೈನಿಕ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸುಧಾಕರ, "ನಾನೇ" ಎಂದುಬಿಟ್ಟ.

ಸೈನಿಕ ಅವನ ಮುಖ ನೋಡಿ, ಲುಂಗಿ ನೋಡಿ ನಕ್ಕ. "ನೀನು ಇಂಡಿಯನ್. ತಮಾಷೆ ಬೇಡ."

"ಇಲ್ಲ, ಬ್ರಿಟಿಷ್. ಪಾಸ್‌ಪೋರ್ಟ್ ತೋರಿಸ್ತೇನೆ" ಎಂದು ಇವನು ಒಳಗೆ ಹೊರಟ. ನಾನು ಅವನ ತೋಳು ಹಿಡಿದು, "ಇವನಿಗೆ ಜ್ವರ, ಏನೇನೋ ಹೇಳ್ತಾನೆ" ಎಂದು ಹರುಕು ಅರಬಿಯಲ್ಲಿ ಹೇಳಿದೆ. ಅವರು ಮಂಚದಡಿ, ಕಪಾಟು ಎಲ್ಲ ತಡಕಾಡಿ, ಬಿಳಿಯ ಸಿಗದೆ ಹೋದರು.

"ನಿಂಗೆ ಮರ್ಲಾ ಮಾರಾಯ, ಹುಚ್ಚಾ?" ಎಂದು ಬೈದೆ.

ಅವನು ಮಂಚದ ಮೇಲೆ ಕೂತ. "ಅಭ್ಯಾಸ ಆಗಿದೆ. ಇಂಗ್ಲೆಂಡಲ್ಲಿ ಶಾಲೆಯಲ್ಲಿ, ಬಸ್ಸಲ್ಲಿ, ಎಲ್ಲ ಕಡೆ 'ನಿನ್ನ ದೇಶಕ್ಕೆ ಹೋಗು' ಅಂತಾರೆ. ಈಗೀಗ ಜಾಸ್ತಿ ಆಗಿದೆ, ಅಪ್ಪನ ಮನೆ ಕಿಟಕಿಗೂ ಕಲ್ಲು ಬಿತ್ತು. 'ನಾನು ಇಲ್ಲಿಯವನೇ, ಬ್ರಿಟಿಷ್' ಅಂತ ಹೇಳಿ ಹೇಳಿ..."

ಚಹಾ ಕೊಟ್ಟೆ, ಕುಡಿಯಲಿಲ್ಲ. ಮುಖ ಸಪ್ಪೆ ಮಾಡಿಕೊಂಡು, "ಇವ್ರೂ ನಂಬ್ಲಿಲ್ಲ ನೋಡು" ಎಂದ.

ಪಾಸ್‌ಪೋರ್ಟನ್ನು ಈಗ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ. ಅವನಿಗೆ ಹೇಳಿಲ್ಲ. ಬೀದಿಗೆ ಓಡಿ ಹೋಗಿ ತೋರಿಸಿ ಬಂದಾನು.