ಕನ್ನಡಕದಂಗಡಿಯ ಚಕ್ರವರ್ತಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಮುಂದಿನ ಕೋಣೆಯಲ್ಲಿ ಮಾಲೀಕರು ಗಿರಾಕಿಗಳ ಕಣ್ಣು ಪರೀಕ್ಷಿಸಿ ಚೀಟಿ ಕಳಿಸಿದರೆ, ಇವನು ಯಂತ್ರದ ಮುಂದೆ ಕೂತು ಗಾಜನ್ನು ಫ್ರೇಮಿನ ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಉಜ್ಜಿ ಕೂರಿಸುತ್ತಿದ್ದ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಾಯಿಕೆಲಸದಲ್ಲಂತೂ ಇರಲೇ ಇಲ್ಲ. ಅಂಗಡಿಯವರೆಲ್ಲ ಅವನನ್ನು ಚಕ್ರವರ್ತಿ ಎನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ನಾಲ್ಕು ವರ್ಷದಿಂದ ಅವನೊಂದು ವಿಡಿಯೋ ಗೇಮ್ ಮಾಡುತ್ತಿದ್ದ. ಆಡುವವರೇ ಒಂದು ಪಾತ್ರವಾಗಿ ಊರೂರು ಅಲೆದು, ಎದುರಾದವರನ್ನು ಮಾತನಾಡಿಸಿ, ಒಪ್ಪಿಕೊಂಡ ಕೆಲಸ ಮುಗಿಸಿ ಬರುವಂಥ ಆಟ. 'ಮಾಡುತ್ತಿದ್ದೇನೆ' ಎಂಬುದು ಅವನ ಮಾತು. ಆಗಿದ್ದದ್ದು ಇಷ್ಟು: ಹನ್ನೊಂದು ರಾಜ್ಯಗಳು, ಅವುಗಳ ಒಂಬತ್ತು ಸಾವಿರ ವರ್ಷದ ಇತಿಹಾಸ, ನಾನೂರ ಹನ್ನೆರಡು ಪಾತ್ರಗಳ ವಂಶಾವಳಿ, ಡ್ರ್ಯಾಗನ್ನುಗಳಿಗೆ ಬರುವ ಹಲ್ಲುನೋವಿನ ಬಗ್ಗೆ ಒಂದು ಟಿಪ್ಪಣಿ. ಎಲ್ಲವೂ ಮೂರು ದಪ್ಪ ಫೈಲುಗಳಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಕಂಪ್ಯೂಟರಿನಲ್ಲಿ ಮಾತ್ರ ಒಂದು ಹಸಿರು ಬಯಲಿತ್ತು, ನಡುವೆ ಒಬ್ಬ ವೀರ ನಿಂತಿದ್ದ. ಅವನಿಗೆ ಎಡಕ್ಕೆ ಮಾತ್ರ ನಡೆಯಲು ಬರುತ್ತಿತ್ತು.

ಹೆಂಡತಿ ಲಾಂಡ್ರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಗೇಮ್ ಮಾಡುವುದನ್ನು ಹೇಳಿಕೊಡುತ್ತಾರೆಂದು ಸುದ್ದಿ ತಂದವಳೇ ಅವಳು.

"ನಾನೂ ಬರ್ತೀನಿ ರೀ. ಒಬ್ಳೇ ಮನೇಲಿ ಕೂತು ಏನ್ ಮಾಡ್ಲಿ."

"ಬಾ. ಅರ್ಥ ಆಗದೇ ಇದ್ದಿದ್ದನ್ನ ನಾನು ಹೇಳಿಕೊಡ್ತೀನಿ" ಎಂದು ಅವನು ದೊಡ್ಡ ಮನಸ್ಸು ಮಾಡಿದ.

ಹೇಳಿಕೊಡುವಾಕೆ ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಬಂದವಳೇ ಪ್ರತಿಯೊಬ್ಬರ ಮುಂದೆ ಬಸ್ ಪಾಸಿನಷ್ಟು ದೊಡ್ಡದೊಂದು ಕಾರ್ಡು ಇಟ್ಟಳು.

"ಮೊದಲ ಆಟದ ಐಡಿಯಾ ಇಷ್ಟರಲ್ಲಿ ಹಿಡೀಬೇಕು. ಒಂದು ಜಾಗ, ಒಬ್ಬ ಮನುಷ್ಯ, ಅವನಿಗೊಂದು ತೊಂದರೆ. ನಾಲ್ಕು ಜನರನ್ನ ಮಾತಾಡಿಸೋ ಹೊತ್ತಿಗೆ ಆಟ ಮುಗೀಬೇಕು. ನಿಮಗೆ ಚೆನ್ನಾಗಿ ಗೊತ್ತಿರೋ ಜಾಗವಾದ್ರೆ ಇನ್ನೂ ಒಳ್ಳೇದು."

ಚಕ್ರವರ್ತಿ ಮೂರೂ ಫೈಲುಗಳನ್ನು ಧೊಪ್ಪನೆ ಮೇಜಿನ ಮೇಲಿಟ್ಟ. "ಮೇಡಂ, ನನ್ನದು ಸ್ವಲ್ಪ ದೊಡ್ಡ ಐಡಿಯಾ."

ಆಕೆ ತಾಳ್ಮೆಯಿಂದ ಹಾಳೆ ತಿರುವಿದಳು. "ಸರ್, ಇದರಲ್ಲಿ ಬಾಗಿಲುಗಳಿದಾವಾ?"

"ರಾಜಧಾನಿಯ ಕೋಟೆಗೇ ಎಪ್ಪತ್ತೆರಡು ಬಾಗಿಲು."

"ಒಂದಾದ್ರೂ ತೆರೆಯುತ್ತಾ?"

ಕಲಿಯಲು ಬಂದು ಪಕ್ಕದಲ್ಲಿ ಕೂತಿದ್ದ, ಬೇಕರಿ ನಡೆಸುವಾಕೆಯೊಬ್ಬಳು ಕಿಸಕ್ಕನೆ ನಕ್ಕಳು. ಚಕ್ರವರ್ತಿಯ ಮುಖ ಹುಳ್ಳಗಾಯಿತು. ಇರುವೆಯಂಥ ಅಕ್ಷರದಲ್ಲಿ ಕಾರ್ಡಿನ ಎರಡೂ ಬದಿ ಬರೆದರೂ ಅವನ ಮೊದಲನೆಯ ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಇನ್ನೊಂದು ಕಾರ್ಡು ಕೇಳಿದ. ಕೊಡಲಿಲ್ಲ. ಹೆಂಡತಿಯ ಕಾರ್ಡಿನಲ್ಲಿ ಒಂದೇ ಸಾಲಿತ್ತು: ಲಾಂಡ್ರಿಯಲ್ಲಿ ಗಿರಾಕಿಯ ಒಂದು ಕಾಲುಚೀಲ ಕಳೆದುಹೋಗಿದೆ, ಹುಡುಕಿ ಕೊಡಬೇಕು.

ಬಸ್ಸಿನಲ್ಲಿ ಅವನು ನಕ್ಕಿದ್ದೇ ನಕ್ಕಿದ್ದು. "ಕಾಲುಚೀಲಕ್ಕೆ ಯಾರಾದ್ರೂ ಪ್ರಾಣ ಪಣಕ್ಕಿಡ್ತಾರೇನೇ?"

"ಪ್ರಾಣ ಯಾಕ್ರೀ? ಕಾಲುಚೀಲ ಸಿಕ್ಕಿದ್ರೆ ಸಾಕು" ಎಂದಳು ಅವಳು.

ನಾಲ್ಕನೆಯ ಶನಿವಾರಕ್ಕೆ ಅವಳ ಆಟ ಮುಗಿದಿತ್ತು. ತರಗತಿಯವರೆಲ್ಲ ಮುಗಿಬಿದ್ದು ಆಡಿದರು. ಕೊನೆಗೆ ಅವನ ಸರದಿ ಬಂತು. ಪರದೆಯ ಮೇಲಿನ ಲಾಂಡ್ರಿಯವಳು ಇಸ್ತ್ರಿಯವನನ್ನು ಕೇಳಿದಳು, ವ್ಯಾನಿನ ಡ್ರೈವರನ್ನು ಕೇಳಿದಳು. ಕಾಲುಚೀಲ ಸಿಗಲಿಲ್ಲ. ತನ್ನ ಚೀಲದಲ್ಲೇ ಸೇರಿಕೊಂಡು ಬಂದಿರಬಹುದೆಂದು ಮನೆಗೆ ಹೋದಳು. ಅಡುಗೆಮನೆಯಲ್ಲಿ ಅವಳ ಗಂಡ ಕೂತಿದ್ದ, ಅವನೆದುರಿಗೆ ಮೂರು ಫೈಲು. 'ಕಾಲುಚೀಲ ನೋಡಿದ್ರಾ?' ಎಂದು ಕೇಳಿಸಿದರೆ ಆ ಗಂಡ ಶುರುಮಾಡಿದ: 'ಒಂಬತ್ತು ಸಾವಿರ ವರ್ಷಗಳ ಹಿಂದೆ...' ಚಕ್ರವರ್ತಿ ಗುಂಡಿ ಒತ್ತಿದ. ಎರಡನೆಯ ರಾಜವಂಶ ಬಂತು. ಒತ್ತಿದ. ಮೂರನೆಯದು ಬಂತು. ನಲವತ್ತು ಸಲ ಒತ್ತಿದರೂ ಆ ಮಹರಾಯ ಬಾಯಿ ಮುಚ್ಚಲಿಲ್ಲ.

ಹಿಂದಿನಿಂದ ಬೇಕರಿಯಾಕೆ ಬಗ್ಗಿ ಹೇಳಿದಳು: "ಅವರ ಪಾಡಿಗೆ ಅವರು ಮಾತಾಡ್ತಿರ್ಲಿ ಬಿಡಿ ಸರ್. ಫೈಲ್ ಎತ್ತಿ ನೋಡಿ, ಕೆಳಗಿದೆ."

ಎತ್ತಿದ. ಇತ್ತು. ಪರದೆಯ ಗಂಡನಿಗೆ ಅದು ಗೊತ್ತೇ ಆಗಲಿಲ್ಲ. ಅವನಾಗಲೇ ಏಳನೆಯ ರಾಜನ ಪಟ್ಟಾಭಿಷೇಕದಲ್ಲಿದ್ದ.

ಅಂದು ವಾಪಸ್ ಬರುವಾಗ ಬಸ್ಸು ಅರ್ಧ ದಾರಿ ದಾಟಿತು. ಆಮೇಲೆ ಕೇಳಿದ: "ಅದು ನಾನಾ?"

"ಯಾಕ್ರೀ, ಹಾಗನ್ನಿಸ್ತಾ?"

"ಅವನಿಗೆ ಮೀಸೆ ಇದೆ. ನನಗಿಲ್ಲ."

"ಹಾಗಾದ್ರೆ ನೀವಲ್ಲ ಬಿಡಿ."

ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಹೆಂಡತಿ ಸಮಾಧಾನ ಮಾಡಲು ಬರುತ್ತಾಳೆಂದು ಕಾದ. ಅವಳು ಹಾಯಾಗಿ ಎರಡನೆಯ ಆಟಕ್ಕೆ ಕೈಹಾಕಿದ್ದಳು.

ಮೂರನೆಯ ದಿನ ಅಂಗಡಿಗೆ ಹಿರಿಯರೊಬ್ಬರು ಬಂದರು. ಕನ್ನಡಕ ಎರಡು ಹೋಳಾಗಿ ಜೇಬಿನಲ್ಲಿತ್ತು. ಬಂದವರೇ ಫ್ರೇಮು ತೊಡಿಸಿ ನಿಲ್ಲಿಸಿದ್ದ ಪ್ಲಾಸ್ಟಿಕ್ ತಲೆಗೆ ನಮಸ್ಕಾರ ಹೇಳಿ, "ಎಷ್ಟು ಹೊತ್ತಾಗುತ್ತಪ್ಪ?" ಎಂದು ವಿಚಾರಿಸಿದರು. ಅದು ಉತ್ತರ ಕೊಡಲಿಲ್ಲ. "ಈಗಿನವರಿಗೆ ಮರ್ಯಾದೆನೇ ಇಲ್ಲ" ಎಂದು ಗೊಣಗಿ, ಕನ್ನಡಿಯೊಳಗಿನ ತಮ್ಮನ್ನೇ ಬೇರೊಬ್ಬ ಗಿರಾಕಿಯೆಂದು ತಿಳಿದು ದೂರು ಹೇಳಿದರು. ಹಿಂದಿನ ಕೋಣೆಯಿಂದ ಇಣುಕುತ್ತಿದ್ದ ಚಕ್ರವರ್ತಿ ನಗು ತಡೆಯಲು ಬಾಯಿಗೆ ಬಟ್ಟೆ ತುರುಕಿಕೊಂಡ. ನಗು ಇಳಿಯುವಷ್ಟರಲ್ಲಿ ಬೇರೇನೋ ಹೊಳೆದಿತ್ತು. ಕೈಗೆ ಸಿಕ್ಕ ಚೀಟಿಯ ಹಿಂದೆ ಗೀಚಿದ: ಕನ್ನಡಕದಂಗಡಿ. ಒಬ್ಬರ ಕನ್ನಡಕ ಒಡೆದಿದೆ, ಪರದೆಯೆಲ್ಲ ಮಸುಕು. ಯಾರು ಯಾರೆಂದು ಮಾತಾಡಿಸಿಯೇ ತಿಳಿದುಕೊಂಡು ಹೊಸ ಕನ್ನಡಕ ಪಡೆಯಬೇಕು.

ಚೀಟಿಯಲ್ಲಿ ಇನ್ನೂ ಜಾಗ ಉಳಿದಿತ್ತು. ಖಾಲಿ ಬಿಡಲು ಮನಸ್ಸು ಬರದೆ ಕೆಳಗೆ 'ಮೊದಲನೆಯ ಸಂಪುಟ' ಎಂದು ಸೇರಿಸಿದ.

ರಾತ್ರಿ ಮನೆಯಲ್ಲಿ ಚೀಟಿಯನ್ನು ಹೆಂಡತಿಯ ಮುಂದಿಟ್ಟ. ಅವಳು ಓದಿದಳು. ಪೆನ್ನು ತೆಗೆದುಕೊಂಡು 'ಮೊದಲನೆಯ ಸಂಪುಟ'ದ ಮೇಲೆ ಗೀಟು ಹಾಕಿದಳು. "ಇದು ಚೆನ್ನಾಗಿದೆ ಕಣ್ರೀ" ಎಂದಳು. ನಾಲ್ಕು ವರ್ಷದಲ್ಲಿ ಹನ್ನೊಂದು ರಾಜ್ಯಗಳಿಗೂ ಸಿಗದಿದ್ದ ಮಾತು ಅದು. ಸಿಟ್ಟು ಇನ್ನೂ ಇಳಿದಿಲ್ಲವೆಂದು ತೋರಿಸಲು ಅವನು ಗೋಡೆ ಕಡೆ ತಿರುಗಿ ನಿಂತ. ಕಿವಿ ಮಾತ್ರ ಕೆಂಪಾಗಿತ್ತು.

ಆಟ ಮುಗಿಯಲು ಎರಡು ತಿಂಗಳು ಹಿಡಿಯಿತು. ಅದರಲ್ಲಿ ಹನ್ನೊಂದು ದಿನ ಅಂಗಡಿಯ ಬಾಗಿಲೊಂದಕ್ಕೇ ಹೋಯಿತು. ತೆರೆದದ್ದು ಮುಚ್ಚುತ್ತಿರಲಿಲ್ಲ, ಮುಚ್ಚಿದ್ದು ಮುಂದಿನ ಗೋಡೆಯನ್ನೂ ಕರೆದುಕೊಂಡು ಮಾಯವಾಗುತ್ತಿತ್ತು. ಕೊನೆಗೂ ಆಯಿತು. ಹತ್ತೇ ನಿಮಿಷದ ಆಟ. ಕಡೆಯಲ್ಲಿ ಕನ್ನಡಕ ಮೂಗಿಗೇರಿದೊಡನೆ ಪರದೆ ಥಳಥಳ ಹೊಳೆಯುತ್ತಿತ್ತು. ಕಾಯುವ ಗಿರಾಕಿಗಳು ಆಡಲಿ ಎಂದು ಮಾಲೀಕರು ಅದನ್ನು ಕೌಂಟರಿನ ಟ್ಯಾಬಿನಲ್ಲಿ ಹಾಕಿಸಿದರು. ಚಕ್ರವರ್ತಿ ಹೊಗಳಿಕೆಗೆ ಕಿವಿ ತೆರೆದುಕೊಂಡು ಕೂತ.

ಗಿರಾಕಿಗಳು ಟ್ಯಾಬ್ ನೋಡುತ್ತಿದ್ದರು, ಕಣ್ಣುಜ್ಜಿಕೊಳ್ಳುತ್ತಿದ್ದರು, ಮತ್ತೆ ನೋಡುತ್ತಿದ್ದರು. ಆಮೇಲೆ ಗಾಬರಿಯಿಂದ ಮಾಲೀಕರ ಬಳಿ ಹೋಗಿ, "ನನ್ನ ಕಣ್ಣೂ ಒಂದ್ಸಲ ನೋಡ್ಬಿಡಿ" ಎನ್ನುತ್ತಿದ್ದರು.

"ಸರ್, ಅದು ಬೇಕಂತಲೇ ಮಸುಕು ಮಾಡಿರೋದು, ಆಟದ ಜೀವಾಳವೇ ಅದು" ಎಂದು ಚಕ್ರವರ್ತಿ ಅಲವತ್ತುಕೊಂಡ. "ಹಾಗಂತ ಒಂದು ಚೀಟಿ ಬರೆದು ಅಂಟಿಸ್ತೀನಿ."

"ಚೀಟಿ ಗೀಟಿ ಅಂಟಿಸಿದ್ರೆ ನೋಡು" ಎಂದರು ಮಾಲೀಕರು. "ಈ ವಾರ ಒಂಬತ್ತು ಜನ ತಾವಾಗೇ ಪರೀಕ್ಷೆ ಮಾಡಿಸ್ಕೊಂಡಿದಾರೆ."

ಆ ಒಂಬತ್ತರಲ್ಲಿ ಒಬ್ಬಾಕೆ ಮರುವಾರ ಹೊಸ ಕನ್ನಡಕ ಹಾಕಿಕೊಂಡೇ ಬಂದು ಟ್ಯಾಬಿನ ಮುಂದೆ ಕೂತಳು. ಅದು ಇನ್ನೂ ಮಸುಕು. ಕನ್ನಡಕ ಕಿತ್ತು ಚಕ್ರವರ್ತಿಯ ಕೈಗೆ ತುರುಕಿ, "ಇದೆಂಥ ಕೆಲಸ ಮಾಡಿದೀರಿ? ಮತ್ತೆ ಉಜ್ಜಿ ಕೊಡಿ" ಎಂದು ಹರಿಹಾಯ್ದಳು. ಅವನು ಒಳಗೆ ಹೋಗಿ ಪರೀಕ್ಷಿಸಿದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಸುಮ್ಮನೆ ಕೂತು, ಹೊರಗೆ ತಂದು ಕೊಟ್ಟ. ಅಷ್ಟರಲ್ಲಿ ಆಕೆಯ ಆಟವೂ ಮುಗಿದಿತ್ತು. ಕನ್ನಡಕ ಹಾಕಿಕೊಂಡು ಪರದೆ ನೋಡಿದಳು.

"ನೋಡಿ, ಈಗ ಎಷ್ಟು ಚೆನ್ನಾಗಿ ಕಾಣುತ್ತೆ. ಈ ಕೆಲಸ ಮೊದಲೇ ನೆಟ್ಟಗೆ ಮಾಡೋಕೇನಾಗಿತ್ತು?"

ಚಕ್ರವರ್ತಿ ಬಾಯಿ ತೆರೆದ. ಮಾಲೀಕರು ಕೌಂಟರಿನಿಂದಲೇ ಕಣ್ಣು ಬಿಟ್ಟರು.

"ತಪ್ಪಾಯ್ತಮ್ಮ" ಎಂದು ಹೇಳಿ ಅವನು ಯಂತ್ರದ ಮುಂದೆ ಹೋಗಿ ಕೂತ.